ನಾಲ್ಕು ಮಾರು ಮುಂದೆ

"ಒಳಗೆ ಇನ್ನೂ ಉಸಿರಾಡ್ತಾ ಇದಾನೆ, ನೀನು ಹೊರಗೆ ಕೂತು ಅವನ ಹೆಣದ ಕೋಟು ಚಿಕ್ಕದು ಮಾಡ್ತಾ ಇದೀಯ. ನಿನ್ನ ಕೈಗೆ ಸ್ವಲ್ಪನಾದ್ರೂ ನಾಚಿಕೆ ಬೇಡ್ವೇನೇ?" ಎಂದಳು ಅತ್ತೆ, ಅಪ್ಪನ ತಂಗಿ.

ಮಗಳು ಹೊಲಿಗೆ ಮೆಷಿನ್ನಿನ ಪೆಡಲು ತುಳಿಯುವುದನ್ನು ನಿಲ್ಲಿಸಲಿಲ್ಲ. ಟ್ರಂಕಿನ ತಳದಿಂದ ಆ ಕೋಟನ್ನು ಎಳೆದು ತೆಗೆದು, ನುಸಿಗುಳಿಗೆಯ ವಾಸನೆ ಹೋಗಲೆಂದು ಕಿಟಕಿಗೆ ನೇತುಹಾಕಿ, ಇದೀಗ ಅವನ ಮೈಮೇಲೆ ಗೋಣಿಚೀಲದ ಹಾಗೆ ಕಾಣುತ್ತೆ, ಏನಾದರೂ ಮಾಡು ಎಂದು ಬೆಳಿಗ್ಗೆ ಹೇಳಿದವಳೂ ಇದೇ ಅತ್ತೆಯೇ. ಅತ್ತೆಯ ಸ್ವಭಾವವೇ ಹಾಗೆ. ಕೆಲಸವನ್ನೂ ಅವಳೇ ಹಚ್ಚುತ್ತಾಳೆ, ಮಾಡಿದ್ದಕ್ಕೆ ಅವಳೇ ಬೈಯುತ್ತಾಳೆ, ಬೈದು ಮುಗಿಸಿದ ಮೇಲೆ ಪಕ್ಕದಲ್ಲೇ ನಿಂತು ಸಲಹೆಯನ್ನೂ ಕೊಡುತ್ತಾಳೆ.

"ಬೆನ್ನ ಹತ್ರ ಇನ್ನೊಂದು ಬೆರಳು ಒಳಗೆ ಹಿಡಿ. ಭುಜ ಮುಟ್ಟಬೇಡ. ಭುಜ ಅವನದು ಇವತ್ತಿಗೂ ಹಾಗೇ ಇದೆ."

ಭುಜವೊಂದೇ ಹಾಗೇ ಇದ್ದದ್ದು. ಉಳಿದಂತೆ ಒಳಕೋಣೆಯ ಮಂಚದ ಮೇಲಿದ್ದ ಅಪ್ಪ ಹೊದಿಕೆಯ ಕೆಳಗೆ ಇದ್ದಾನೋ ಇಲ್ಲವೋ ಎನ್ನುವಷ್ಟಾಗಿದ್ದ. ಡಾಕ್ಟರು ಬಂದು, ಎದೆಗೆ ಕೊಳವೆ ಇಟ್ಟು ಕೇಳಿ, ಕೊಳವೆಯನ್ನು ಮಡಿಸುತ್ತಲೇ ಬಾಗಿಲ ಕಡೆ ನಡೆದಿದ್ದರು. ಬಾಗಿಲಲ್ಲಿ ಹೇಳಬೇಕಾದ್ದನ್ನು ಹೇಳಿದ್ದರು. ಮಗಳು ಹೋಟೆಲಿನವರ, ನರ್ಸುಗಳ, ಬ್ಯಾಂಡಿನವರ ಸಮವಸ್ತ್ರ ಹೊಲಿದು ಬದುಕಿದವಳು. ಬೇರೆ ಯಾರ ಅಳತೆಯಾದರೂ ಟೇಪು ಹಿಡಿಯದೆ ಕಣ್ಣಿನಲ್ಲೇ ಹೇಳುವಳು. ಅಪ್ಪನ ಅಳತೆಗೆ ಮಾತ್ರ, ಅವನು ಮಲಗಿದ್ದಾಗ, ಹೊದಿಕೆ ಸರಿಪಡಿಸುವ ನೆಪದಲ್ಲಿ ಗೇಣು ಹಾಕಿ ನೋಡಿದ್ದಳು.

ಆ ಮನೆಯಲ್ಲಿ ಎಲ್ಲವೂ ಅಪ್ಪನ ಆ ಸೇನೆಯ ಕೋಟಿನ ಸುತ್ತಲೇ ನಡೆದುಬಂದದ್ದು. ಯುದ್ಧದ ಕಾಲದಲ್ಲಿ ಅಪ್ಪ ಬಾಂಬು ಹಾಕುವ ವಿಮಾನ ಓಡಿಸುತ್ತಿದ್ದ. ಸೈಕಲ್ ರಿಪೇರಿಯವನ ಮಗ, ಮೀಸೆ ಕೂಡ ನೆಟ್ಟಗೆ ಚಿಗುರದ ವಯಸ್ಸು. ಅಷ್ಟು ದೊಡ್ಡ ವಿಮಾನವನ್ನು ಮಗನ ಕೈಗೆ ಕೊಟ್ಟಿದ್ದಾರೆಂದು ಕೇಳಿ ಅಜ್ಜ, "ಅಂಗಡೀಲಿ ಗಾಳಿ ಹೊಡೆಯೋ ಪಂಪು ಕೊಡೋಕೇ ನಾನು ಹೆದರ್ತಿದ್ದೆ" ಎಂದಿದ್ದನಂತೆ. ವಿಮಾನದ ಮೂತಿಯಲ್ಲಿ, ಗಾಜಿನ ಗೂಡಿನೊಳಗೆ ಬೋರಲು ಮಲಗಿ ಗುರಿ ನೋಡುತ್ತಿದ್ದವನು ಅಪ್ಪನ ಗೆಳೆಯ. ರಜೆಗೆಂದು ಅಪ್ಪನ ಜೊತೆ ಮನೆಗೆ ಬಂದ ಆ ಗೆಳೆಯ ಅಪ್ಪನ ತಂಗಿಯನ್ನು ಮದುವೆಯಾಗಿಯೇ ವಾಪಸು ಹೋದ. ಒಂದೇ ವಿಮಾನದಲ್ಲಿ ಭಾವ, ಭಾವಮೈದ. ಮೇಲೆ ಕೂತವನು ಓಡಿಸುವುದು, ಕೆಳಗೆ ಮಲಗಿದವನು "ಎಡಕ್ಕೆ, ಸ್ವಲ್ಪ ಬಲಕ್ಕೆ, ಇನ್ನೂ ಇಲ್ಲ, ಇನ್ನೂ ಇಲ್ಲ" ಎನ್ನುತ್ತ ಹೋಗಿ ಕೊನೆಗೆ "ಈಗ" ಎಂದು ಗುಂಡಿ ಒತ್ತುವುದು. ಆ ಒಂದು ಮಾತು ಬರುವವರೆಗೆ ವಿಮಾನವನ್ನು ಅಲುಗಾಡಿಸುವಂತಿಲ್ಲ. ಕೆಳಗಿನಿಂದ ಏನೇ ಹಾರಿ ಬರಲಿ, ನೇರ ಗೆರೆಯಲ್ಲಿ ಹೋಗಬೇಕು.

ಒಂದು ರಾತ್ರಿ ಶತ್ರುಗಳ ರೈಲ್ವೆ ಯಾರ್ಡಿನ ಮೇಲೆ ಬಾಂಬು ಹಾಕಿ ಬರುವಾಗ ಭಾವನಿಗೆ ಗುಂಡಿನ ಚೂರು ಬಡಿಯಿತು. ಅವನು ಗಾಜಿನ ಗೂಡಿನಲ್ಲೇ ಸತ್ತ. ಒಂದು ಎಂಜಿನ್ ಹೊತ್ತಿ ಉರಿದು ನಿಂತಿತು. ಅಪ್ಪನ ತೊಡೆಯೊಳಗೊಂದು ಕಬ್ಬಿಣದ ಚೂರು. ಅಷ್ಟಾದರೂ ಆ ಗಾಯಾಳು ವಿಮಾನವನ್ನು ಊರಿನವರೆಗೆ ತಂದು ನೆಲಕ್ಕಿಳಿಸಿದ. ಉಳಿದವರೆಲ್ಲ ಬದುಕಿಕೊಂಡರು. ಅದಕ್ಕೇ ಪದಕ. ಪದಕ ಕೊಡುವಾಗ ಓದಿದ ಮಾತಿನಲ್ಲಿ, ಭೀಕರ ಗುಂಡಿನ ಮಳೆಯ ನಡುವೆಯೂ ಗುರಿಯನ್ನು ಸರಿಯಾಗಿ ಹೊಡೆದು, ಎಂದೊಂದು ಸಾಲಿತ್ತು. ಗುರಿ ಹೊಡೆಯುವ ಕೆಲಸ ಅತ್ತೆಯ ಗಂಡನದು. ಹೀಗಾಗಿ ಅತ್ತೆಯ ಪ್ರಕಾರ ಪದಕ ಅರ್ಧ ಅಣ್ಣನದು, ಅರ್ಧ ತನ್ನ ಗಂಡನದು.

ಮದುವೆಯ ಸೀರೆಯ ಮಡಿಕೆ ಹೋಗುವ ಮೊದಲೇ ವಿಧವೆಯಾಗಿ ಅಣ್ಣನ ಮನೆ ಸೇರಿದ ಅತ್ತೆಗೆ ಆ ಅರ್ಧ ಪದಕವೇ ಗಂಡ, ಅದೇ ಸಂಸಾರ. ವಾರಕ್ಕೊಮ್ಮೆ ಹಲ್ಲುಪುಡಿ ಹಾಕಿ, ಹಳೆ ಬನಿಯನ್ನಿನ ಚೂರಿನಿಂದ ಉಜ್ಜುತ್ತಿದ್ದಳು. ಬಲಗಡೆ ಅರ್ಧ ನಮ್ಮೋರದು, ಅದಕ್ಕೇ ಅದು ಹೆಚ್ಚು ಹೊಳೆಯುತ್ತೆ ಎನ್ನುತ್ತಿದ್ದಳು. ತಾಯಿ ಸತ್ತ ಮೇಲೆ ಅವಳ ಕೈಯಲ್ಲೇ ಬೆಳೆದ ಮಗಳು ಚಿಕ್ಕಂದಿನಲ್ಲಿ ಅದನ್ನು ನಂಬಿದ್ದಳು ಕೂಡ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಹೌದತ್ತೆ, ಬಲಗಡೆನೇ ಹೆಚ್ಚು ಎಂದಿದ್ದಳು. ಅತ್ತೆ ಉಜ್ಜುವಾಗ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ದೊಡ್ಡ ಮನುಷ್ಯ, ಹೊಗಳಿಕೆ ಸೇರುವುದಿಲ್ಲ ಎಂದು ಬೀದಿಯವರು ಅಂದುಕೊಂಡಿದ್ದರು.

ಯುದ್ಧ ಮುಗಿದ ಮೇಲೆ ಅಪ್ಪ ಮತ್ತೆ ವಿಮಾನ ಮುಟ್ಟಲಿಲ್ಲ. ದೊಡ್ಡ ದೊಡ್ಡ ಕಂಪನಿಗಳವರು ಕರೆದರು. ಅಪ್ಪ ಹೋಗಿ ಊರ ಬಸ್ಸಿಗೆ ಡ್ರೈವರ್ ಆಗಿ ಸೇರಿದ. ಆ ಬಸ್ಸಿನಲ್ಲಿ ಅವನದೊಂದು ವಿಚಿತ್ರವಾದ ಅಭ್ಯಾಸ. ಯಾವ ನಿಲ್ದಾಣದಲ್ಲೂ ಕಂಬದ ಹತ್ತಿರ ಬಸ್ಸು ನಿಲ್ಲಿಸುತ್ತಿರಲಿಲ್ಲ. ಕಂಬ ಬರುತ್ತದೆ, ಅಪ್ಪ "ಇನ್ನೂ ಇಲ್ಲ, ಇನ್ನೂ ಇಲ್ಲ" ಎಂದು ತನ್ನಷ್ಟಕ್ಕೇ ಗೊಣಗುತ್ತಾನೆ, ಕಂಬ ಹಿಂದೆ ಹೋಗುತ್ತದೆ, ನಾಲ್ಕು ಮಾರು ಆಚೆ ಬಸ್ಸು ನಿಲ್ಲುತ್ತದೆ. ಮೊದಮೊದಲು ಜನ ಬೈದುಕೊಂಡು ಓಡಿ ಬಂದು ಹತ್ತಿದರು. ದೂರು ಕೊಟ್ಟರು. ಮೇಲಿನವರು ಕರೆದು ಕೇಳಿದರೆ ಅಪ್ಪ ತಲೆ ತಗ್ಗಿಸಿ ನಿಂತ, ಮಾರನೇ ದಿನ ಮತ್ತೆ ಅದೇ ಕಥೆ. ಪದಕ ಪಡೆದವನನ್ನು ಕೆಲಸದಿಂದ ತೆಗೆಯುವ ಧೈರ್ಯ ಯಾರಿಗಿದೆ? ಕೊನೆಗೆ ಜನವೇ ಸೋತರು. ಕಂಬ ಬಿಟ್ಟು ನಾಲ್ಕು ಮಾರು ಮುಂದೆ ಸಾಲು ನಿಲ್ಲತೊಡಗಿದರು. ಅಪ್ಪನಿಗೆ ನಾಲ್ಕುಮಾರು ಎಂದೇ ಹೆಸರಾಯಿತು. ಹೊಸಬರು ಯಾರಾದರೂ ಕಂಬಕ್ಕೆ ಒರಗಿ ನಿಂತಿದ್ದರೆ, "ಈ ಕಡೆ ಬನ್ನಿ, ಬರೋದು ನಾಲ್ಕುಮಾರಿನ ಬಸ್ಸು" ಎಂದು ಕರೆಯುವರು.

ಒಮ್ಮೆ ಮಾತ್ರ ಅಪ್ಪ ಬಾಯಿ ಬಿಟ್ಟಿದ್ದ. ಶಾಲೆಯೊಂದರಲ್ಲಿ ಸನ್ಮಾನ. ಮಗಳೂ ಜೊತೆಗಿದ್ದಳು. ಯುದ್ಧದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಯಾವುದು ಎಂದು ಹುಡುಗಿಯೊಬ್ಬಳು ಕೇಳಿದಳು. ಕಾಯೋದು, ಎಂದ ಅಪ್ಪ. ಆಮೇಲೆ ಯಾರೂ ಕೇಳದೆಯೇ ಹೇಳಿದ್ದು ಇದು. ಒಂದರ ಹಿಂದೊಂದು ವಿಮಾನ ಬರುತ್ತವೆ. ಮೊದಲಿನವನು ಗುರಿಯ ಮೇಲೇ ಹಾಕುತ್ತಾನೆ. ಹಿಂದಿನವನಿಗೆ ಜೀವದ ಆಸೆ, ಒಂದು ಚೂರು ಮೊದಲೇ ಹಾಕಿ ತಿರುಗುತ್ತಾನೆ. ಅವನ ಹಿಂದಿನವನು ಆ ಬೆಂಕಿ ನೋಡಿ ಇನ್ನೊಂದು ಚೂರು ಮೊದಲು. ಹೀಗೆ ಬೆಂಕಿ ಹಿಂದಕ್ಕೆ ನಡೆದುಕೊಂಡು ಬರುತ್ತದೆ, ಗುರಿಯನ್ನು ಬಿಟ್ಟು ಊರೊಳಗೆ. ನಡಿ ಅಂತ ಯಾರೂ ಅದಕ್ಕೆ ಹೇಳಿರುವುದಿಲ್ಲ. ಇಷ್ಟು ಹೇಳಿ ಕೂತುಬಿಟ್ಟ. ಮುಖ್ಯೋಪಾಧ್ಯಾಯರು ಗಡಿಬಿಡಿಯಲ್ಲಿ ಚಪ್ಪಾಳೆ ತಟ್ಟಿದರು.

ಕೋಟು ಹೊಲಿಯುತ್ತಿದ್ದ ಆ ದಿನ ಮಧ್ಯಾಹ್ನ ಕಂಡಕ್ಟರ್ ಬಂದ. ಅಪ್ಪನ ಬಸ್ಸಿನಲ್ಲಿ ವರ್ಷಗಟ್ಟಲೆ ಟಿಕೆಟ್ ಹರಿದವನು. ಬಸ್ಸು ಬಿಟ್ಟ ಮೇಲೆ ಊರಿನ ಶವದ ಗಾಡಿಗೆ ಡ್ರೈವರ್ ಆಗಿದ್ದ. ಈಗಲೂ ಎಲ್ಲರಿಗೂ ಕಂಡಕ್ಟರನೇ. ಮಂಚದ ಪಕ್ಕ ಮೋಡದಂಥ ಮುಖ ಮಾಡಿಕೊಂಡು ಕೂತವನನ್ನು ಅಪ್ಪನೇ ಮಾತಿಗೆಳೆದ.

"ಗಾಡಿ ಹೇಗಿದೆಯೋ?"

"ಗಾಡಿಗೇನಣ್ಣ, ಚೆನ್ನಾಗಿದೆ. ಚಿಲ್ಲರೆ ಕೇಳೋರಿಲ್ಲ, ಕಿಟಕಿ ಪಕ್ಕದ ಸೀಟೇ ಬೇಕು ಅಂತ ಜಗಳ ಇಲ್ಲ. ಹತ್ತಿದೋರು ಯಾರೂ ಇವತ್ತಿನವರೆಗೆ ದೂರು ಕೊಟ್ಟಿಲ್ಲ."

ಅಪ್ಪ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಕಂಡಕ್ಟರ್ ಅವನ ಬೆನ್ನು ಹಿಡಿದುಕೊಂಡಿದ್ದ. ಆಮೇಲೆ ಸಮಾಧಾನ ಹೇಳುವ ಧಾಟಿಯಲ್ಲಿ, ನಿಮ್ಮನ್ನ ನಾನೇ ಕರ್ಕೊಂಡು ಹೋಗೋದಣ್ಣ, ಬೇರೆ ಯಾರಿಗೂ ಕೀಲಿ ಕೊಡಲ್ಲ, ಗೇಟು ದಾಟಿಸಿ ನಾಲ್ಕು ಮಾರು ಮುಂದೇನೇ ನಿಲ್ಲಿಸ್ತೀನಿ, ನಿಮ್ಮ ಶಿಷ್ಯ ಅಲ್ವಾ, ಎಂದ. ಅಪ್ಪ ನಗಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ. ತಾನೇನು ತಪ್ಪು ಮಾತಾಡಿದೆ ಎಂದು ಕಂಡಕ್ಟರ್ ಹೊರಗೆ ಬಂದು ಮಗಳನ್ನು ಕೇಳಿದ. ಮಗಳಿಗೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಎರಡು ದಿನ ಬಿಟ್ಟು. ಅತ್ತೆ ಔಷಧಿ ತರಲು ಹೋಗಿದ್ದಳು. ಅಪ್ಪನಿಗೆ ಜ್ವರ ಏರಿತ್ತು. ಮಗಳು ಒದ್ದೆ ಬಟ್ಟೆ ಹಿಂಡಿ ಹಣೆಗೆ ಹಾಕಲು ಬಗ್ಗಿದಾಗ ಅಪ್ಪನ ಎರಡೂ ಕೈ ಮಂಚದ ಅಂಚನ್ನು ಹಿಡಿದಿದ್ದವು. ಕಣ್ಣು ತೆರೆದಿತ್ತು, ಆದರೆ ನೋಡುತ್ತಿದ್ದದ್ದು ಛಾವಣಿಯನ್ನಲ್ಲ.

"ಬೆಳಕು ಬಿತ್ತು ಭಾವ. ನಮ್ಮ ಮೇಲೇ ಬಿತ್ತು."

ಅಪ್ಪಾ, ನಾನು, ಎಂದಳು ಮಗಳು. ಅವನಿಗೆ ಕೇಳಿಸಲಿಲ್ಲ. ಕೆಳಗಿನಿಂದ ಯಾರೋ ಏನೋ ಹೇಳುತ್ತಿರುವಂತೆ ಒಂದು ಕ್ಷಣ ಕಿವಿಗೊಟ್ಟ. ಭುಜ ಎರಡೂ ಬಿಗಿದವು.

"ಇನ್ನೂ ಇಲ್ಲ, ಇನ್ನೂ ಇಲ್ಲ ಅಂತ ಎಷ್ಟು ಸಲ ಅಂತೀಯೋ? ನೀನು 'ಈಗ' ಅನ್ನೋವರೆಗೆ ನಾವು ಉಳಿಯಲ್ಲ." ಮತ್ತೆ ಕಿವಿಗೊಟ್ಟ. ಧ್ವನಿ ಇಳಿಯಿತು. "ಮನೆಗಳು. ನನಗೂ ಕಾಣ್ತಾ ಇದೆ ಭಾವ, ಮನೆಗಳು ಅಂತ ನನಗೂ ಕಾಣ್ತಾ ಇದೆ."

ಎಡಗೈ ಮಂಚದ ಅಂಚನ್ನು ಬಿಟ್ಟಿತು. ಕೆಳಗೆ ಚಾಚಿ, ಇಲ್ಲದ ಒಂದು ಹಿಡಿಯನ್ನು ಹಿಡಿದು ಜೋರಾಗಿ ಎಳೆಯಿತು. ಎಳೆದದ್ದೇ ತಡ ಅಪ್ಪನ ಮೈ ಹಾಸಿಗೆಯಿಂದ ಸ್ವಲ್ಪ ಮೇಲಕ್ಕೆದ್ದಿತು. ಹೊಟ್ಟೆಯೊಳಗಿನ ಭಾರವೆಲ್ಲ ಒಮ್ಮೆಗೇ ಕಳಚಿದ ವಿಮಾನ ಹಾಗೆಯೇ ಏಳುತ್ತದಂತೆ. ಆಮೇಲೆ ಅಪ್ಪ ಮೆಲ್ಲಗೆ, ಹಗುರಾಯ್ತು, ಎಂದ.

ಮಗಳು ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ಅದರಿಂದ ನೀರು ಅವಳ ಪಾದದ ಮೇಲೆ ಸುರಿಯುತ್ತಿತ್ತು.

ಸಂಜೆಗೆ ಮೊದಲು ಜ್ವರ ಇಳಿದು ಅಪ್ಪನಿಗೆ ನೆಟ್ಟಗೆ ಪ್ರಜ್ಞೆ ಬಂದಾಗ ಅವಳು ಸುತ್ತುಬಳಸದೆ ಕೇಳಿದಳು. "ಎಳೆದದ್ದು ಯಾರಪ್ಪ?"

ಯಾವುದನ್ನು ಎಂದು ಅಪ್ಪ ಕೇಳಲಿಲ್ಲ. ಮಗಳ ಮುಖ ನೋಡಿ ಎಲ್ಲ ತಿಳಿದುಕೊಂಡ. "ನಾನು" ಎಂದ.

ಮಿಕ್ಕಿದ್ದನ್ನು ತುಂಡು ತುಂಡಾಗಿ, ನಡುನಡುವೆ ನೀರು ಗುಟುಕರಿಸುತ್ತ ಹೇಳಿದ. ವಿಮಾನಕ್ಕೆ ಆಪತ್ತು ಬಂದರೆ ಬಾಂಬನ್ನೆಲ್ಲ ಒಟ್ಟಿಗೆ ಬೀಳಿಸಲೆಂದು ಪೈಲಟ್ಟಿನ ಕೈಗೆಟಕುವಂತೆ ಒಂದು ಹಿಡಿ ಇರುತ್ತದೆ. ಯಾರ್ಡು ಇನ್ನೂ ಮುಂದಿತ್ತು. ಕೆಳಗಿದ್ದದ್ದು ಯಾರ್ಡಿನ ಕೂಲಿಯವರ ಮನೆಗಳ ಸಾಲು, ಒಂದಕ್ಕೊಂದು ಅಂಟಿಕೊಂಡ ಛಾವಣಿಗಳು. ಕೆಳಗಿನಿಂದ ಶತ್ರುಗಳ ಸರ್ಚ್‌ಲೈಟಿನ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಭಾವ ಕಾಯಿ ಎನ್ನುತ್ತಿದ್ದ. ಇವನು ಕಾಯಲಿಲ್ಲ.

"ಮಾವ ಏನಂದ್ರು?"

"ಬೈದ. 'ಲೋ, ಇನ್ನೂ ಇಲ್ಲ ಅಂದೆನಲ್ಲೋ' ಅಂದ. ಆಮೇಲೆ ಚೂರು ಬಂತು." ಅಪ್ಪ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. "ಕೋಟಿನ ಮೇಲೆ ಅದು ಬೇಡ ಮಗಳೇ. ಬೋಳು ಕೋಟಲ್ಲೇ ಕಳಿಸು ನನ್ನ. ನಿನ್ನ ಅತ್ತೆಗೂ ಹೇಳು."

"ನೀನೇ ಹೇಳಪ್ಪ."

"ಎಷ್ಟೋ ಸಲ ಬಾಯಿ ತೆರೆದಿದೀನಿ. ಯಾವಾಗ ನೋಡಿದ್ರೂ ಅವಳು ಅದನ್ನ ಉಜ್ಜುತಾ ಕೂತಿರ್ತಾಳೆ."

ಮಗಳು ಮಾತು ಕೊಟ್ಟಳು. ಸಾಯುವವನ ಕೈ ಹಿಡಿದು ಇಲ್ಲ ಎನ್ನುವುದು ಯಾರಿಂದಾಗುತ್ತದೆ? ಕೊಟ್ಟ ಮೇಲೆ ಅದರ ಭಾರ ಗೊತ್ತಾಯಿತು. ಹೇಳಿದರೆ ಅತ್ತೆಗೆ ಉಳಿಯುವುದೇನು? ಗಂಡನ ಜೊತೆ ಸಂಸಾರ ಮಾಡಿದವಳಲ್ಲ, ಮಕ್ಕಳಿಲ್ಲ, ತನ್ನದೆನ್ನುವ ಒಂದು ಪಾತ್ರೆಯೂ ಆ ಮನೆಯಲ್ಲಿಲ್ಲ. ಇದ್ದದ್ದು ಗುರಿ ಹೊಡೆದ ಗಂಡ, ಹೊಳೆಯುವ ಬಲಗಡೆ. ಹೇಳದಿದ್ದರೆ, ಬೇಡ ಬೇಡವೆಂದು ಕೇಳಿಕೊಂಡ ಅಪ್ಪ ಆ ಸುಳ್ಳನ್ನು ಎದೆಗೆ ಸಿಕ್ಕಿಸಿಕೊಂಡೇ ಮಣ್ಣಿಗೆ ಹೋಗಬೇಕು.

ಹೇಳಲು ಹೋಗಲಿಲ್ಲವೆಂದಲ್ಲ. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ, ಅತ್ತೆ, ಮಾವ ಹೇಗಿದ್ರು, ಎಂದು ಶುರುಮಾಡಿದಳು. ಅತ್ತೆ ಚಹಾದ ಲೋಟ ಹಿಡಿದು ಅಲ್ಲೇ ಕೂತು, ಅವರ ಸಿಟ್ಟಿನ ಕಥೆ ಹೇಳತೊಡಗಿದಳು. ಹಾಸಿಗೆ ಹಾಸಿದರೆ ಮೂಲೆ ಸರಿಯಿಲ್ಲವೆಂದು ಬೈಯುವುದು, ಬೀಗ ಹಾಕಿದ ಬಾಗಿಲನ್ನು ಇನ್ನೊಮ್ಮೆ ಎಳೆದು ನೋಡು ಎನ್ನುವುದು. "ಎಲ್ಲಾ ಅಳತೆಗೆ ಸರಿಯಾಗಿ ಇರಬೇಕಿತ್ತು ಕಣೇ ಅವರಿಗೆ. ಅದಕ್ಕೇ ಅಷ್ಟು ಎತ್ತರದಿಂದ ಹೊಡೆದ್ರೂ ಸರಿಯಾಗಿ ಬಿತ್ತು" ಎಂದು ಹೇಳುವಾಗ ಮುದುಕಿಯ ಮುಖ ಹುಡುಗಿಯದಾಯಿತು. ಮಗಳು ಲೋಟ ತೊಳೆದಿಟ್ಟು ಮೆಷಿನ್ನಿನ ಹತ್ತಿರ ಹೋದಳು.

ಕೋಟಿನ ಎಡ ಎದೆಯ ಮೇಲೆ ಪದಕದ ಪಿನ್ನು ವರ್ಷವರ್ಷ ಚುಚ್ಚಿ ಚುಚ್ಚಿ ಎರಡು ತೂತುಗಳಾಗಿದ್ದವು. ಅವಳು ಕೋಟಿನ ಒಳಮಡಿಕೆಯಿಂದಲೇ ಉಣ್ಣೆಯ ಎಳೆ ಬಿಡಿಸಿ, ಸಣ್ಣ ಸೂಜಿಯಲ್ಲಿ ಆ ತೂತುಗಳನ್ನು ರಫು ಮಾಡಿ ಮುಚ್ಚಿದಳು. ಕೈಯಾಡಿಸಿದರೂ ಗೊತ್ತಾಗದಂತೆ. ಬಾಯಲ್ಲಿ ಆಗದ ಕೆಲಸವನ್ನು ಕೈಯಲ್ಲಿ ಅಷ್ಟಾದರೂ ಮಾಡಿದೆನಲ್ಲ ಎನ್ನಿಸಿತು.

ಕೊನೆಯ ಗುಂಡಿ ಹೊಲಿದು ದಾರ ಕಚ್ಚಿ ಕತ್ತರಿಸಿದಾಗ ಒಳಕೋಣೆ ತೀರಾ ಸದ್ದಿಲ್ಲದಂತಾಗಿತ್ತು. ಇಷ್ಟು ದಿನ ಮೆಷಿನ್ನಿನ ಸದ್ದಿನ ಕೆಳಗೂ ಕೇಳುತ್ತಿದ್ದ ಗೊರಗೊರ ಉಸಿರು ಇರಲಿಲ್ಲ. ಹೋಗಿ ನೋಡಿದರೆ ಅಪ್ಪನ ಎಡಗೈ ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಅದನ್ನು ಬಿಡಿಸಲು ಅತ್ತೆಯೂ ಅವಳೂ ಇಬ್ಬರೂ ಬೇಕಾಯಿತು. ಒಂದೊಂದೇ ಬೆರಳು.

ಸೇನೆಯಿಂದ ಒಬ್ಬ ಅಧಿಕಾರಿ ಬಂದ. ಅಪ್ಪನಿಗೆ ಮೊಮ್ಮಗನಾಗುವಂಥ ವಯಸ್ಸಿನವನು, ತುಂಬ ಮರ್ಯಾದೆಯವನು. ಹೊರಕೋಣೆಯಲ್ಲಿ ಇದ್ದ ಒಂದೇ ಕುರ್ಚಿಯ ಮೇಲೆ ನರ್ಸುಗಳ ಸಮವಸ್ತ್ರದ ರಾಶಿಯಿದ್ದದ್ದರಿಂದ, ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಮೆಷಿನ್ನಿನ ಪಕ್ಕ ನಿಂತೇ ಇದ್ದ. ಸ್ಮಶಾನದ ಗೇಟಿನ ಎರಡೂ ಬದಿ ಸೈನಿಕರು ಬಂದೂಕು ಹಿಡಿದು ನಿಲ್ಲುತ್ತಾರೆ, ಪದಕ ಮಾತ್ರ ಕೋಟಿನ ಮೇಲಿರಬೇಕು, ಅದು ನಿಯಮ, ಎಂದ. ತಾನು ಅಲ್ಲಿ ಓದಬೇಕಾದ್ದನ್ನು ಒಮ್ಮೆ ಮೆಲ್ಲಗೆ ಓದಿಯೂ ನೋಡಿಕೊಂಡ. ಗುರಿಯನ್ನು ಸರಿಯಾಗಿ ಹೊಡೆದು, ಎಂಬ ಸಾಲು ಒಳಕೋಣೆಗೆ ಕೇಳಿಸಿತು.

ಒಳಗೆ ಕಂಡಕ್ಟರ್ ಹೆಣವನ್ನು ಎತ್ತಿ ಕೋಟು ತೊಡಿಸಲು ನೆರವಾಗಿ, ಮೂಗೊರೆಸಿಕೊಂಡು ಗಾಡಿ ತಿರುಗಿಸಲು ಹೋದ. ಕೋಟು ಅಪ್ಪನ ಮೈಗೆ ಅಚ್ಚು ಹೊಯ್ದಂತೆ ಕೂತಿತ್ತು. ಅತ್ತೆ ಸೆರಗಿನ ತುದಿಯಿಂದ ಪದಕ ತೆಗೆದಳು. ಹಲ್ಲುಪುಡಿಯ ವಾಸನೆ ಬಂತು. ಎಡ ಎದೆಯ ಮೇಲೆ ಬೆರಳಾಡಿಸಿ ತೂತು ಹುಡುಕಿದಳು. ಸಿಗಲಿಲ್ಲ. ಮತ್ತೆ ಹುಡುಕಿದಳು.

"ಎಲ್ಲಿ ಹೋದವೇ ಇವು?"

"ನಾನೇ ಮುಚ್ಚಿದೆ ಅತ್ತೆ. ಅದು ಬೇಡ ಅಂದಿದ್ದ ಅಪ್ಪ."

ಅತ್ತೆ ತಲೆಯೆತ್ತಿ ನೋಡಿದಳು. ಇನ್ನು ಹಿಂದೆ ಸರಿಯುವಂತಿರಲಿಲ್ಲ. ಮಗಳು ಹೆಣದ ತೋಳಿನ ಸುಕ್ಕನ್ನು ಸವರುತ್ತ, ಅತ್ತೆಯ ಮುಖ ನೋಡದೆ, ಅಪ್ಪ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದಳು. ಬೆಳಕು, ಛಾವಣಿಗಳು, ಎಡಗೈ. ಹೇಳಿ ಮುಗಿಯುವಷ್ಟರಲ್ಲಿ ಅತ್ತೆ ಮಂಚದ ತುದಿಯಲ್ಲಿ ಅಣ್ಣನ ಕಾಲ ಬಳಿ ಕೂತಿದ್ದಳು.

"ಮನೆಗಳು ಅಂತ ಇವನಿಗೆ ಕಾಣಿಸಿತ್ತಾ?"

"ಕಾಣಿಸಿತ್ತು."

"ನಮ್ಮೋರು ಕಡೇಗೆ ಏನಂದ್ರು?"

"'ಲೋ, ಇನ್ನೂ ಇಲ್ಲ ಅಂದೆನಲ್ಲೋ' ಅಂದ್ರಂತೆ."

ಅತ್ತೆ ಬಹಳ ಹೊತ್ತು ಪದಕವನ್ನು ಮಗುಚಿ ಮಗುಚಿ ನೋಡಿದಳು. ಹೊರಗೆ ಅಧಿಕಾರಿ ಗಂಟಲು ಸರಿಪಡಿಸಿಕೊಂಡದ್ದು ಕೇಳಿಸಿತು. "ಇವನ ಸೀಟಿನ ಹಿಂದೇನೇ ಕೂತು ಎಷ್ಟು ಸಲ ಹೋಗಿದೀನಿ" ಎಂದಳು. "ನಿಲ್ದಾಣ ಬಂದಾಗೆಲ್ಲ ಗೊಣಗೋನು. ವಯಸ್ಸಾಯ್ತು ಇವನಿಗೆ ಅಂತ ನಗ್ತಿದ್ದೆ. ಅದು ಅವರ ಮಾತು. ನನ್ನ ಗಂಡನ ಮಾತನ್ನ ದಿನಾ ನನ್ನ ಮುಂದೇನೇ ಆಡ್ಕೊಂಡು, ನನಗೊಂದು ಮಾತು ಹೇಳ್ಲಿಲ್ಲ."

ಎದ್ದು ನಿಂತಳು. ರಫು ಮಾಡಿದ ಜಾಗ ಬಿಟ್ಟು, ಅದರ ಪಕ್ಕದ ಗಟ್ಟಿ ಬಟ್ಟೆಗೆ ಪಿನ್ನು ಒತ್ತಿದಳು. ಉಣ್ಣೆ ದಪ್ಪ, ಮುದಿ ಬೆರಳು, ಪಿನ್ನು ಇಳಿಯಲಿಲ್ಲ. ಹೆಬ್ಬೆರಳ ಉಗುರಿಟ್ಟು ದಬ್ಬಿದಳು.

"ಅತ್ತೆ, ಬೇಡ ಅಂತ ಕೈ ಹಿಡಿದು ಕೇಳಿದ್ದ. ನಾನು ಮಾತು ಕೊಟ್ಟಿದೀನಿ."

"ನೀನು ಕೊಟ್ಟಿರಬಹುದು, ನಾನು ಕೊಟ್ಟಿಲ್ಲ. ಬಾಗಿಲಲ್ಲಿ ಕಳಚಿಟ್ಟು ಹೋಗೋಕೆ ಇದೇನು ಚಪ್ಪಲಿನಾ?" ಪಿನ್ನು ಬಟ್ಟೆಯನ್ನು ತೂರಿ ಆಚೆ ಬಂತು. ಅತ್ತೆ ಕೊಂಡಿ ಹಾಕಿದಳು. "ಅರ್ಧ ನಮ್ಮೋರದು ಅಂತಿದ್ದೆ. ಇದರಲ್ಲಿ ಅವರದೇನೂ ಇಲ್ಲ. ಪೂರ್ತಿ ಇವನದೇ. ಪೂರ್ತಿ ಹೊತ್ಕೊಂಡು ಹೋಗ್ಲಿ."

ಮಗಳು ಕೈ ಚಾಚಿ ಕೊಂಡಿ ಬಿಚ್ಚಬಹುದಿತ್ತು. ಅತ್ತೆಯ ಹೆಬ್ಬೆರಳಿನಲ್ಲಿ ರಕ್ತದ ಒಂದು ಹನಿ ಕಂಡು, ಕೈ ಏಳಲಿಲ್ಲ. ಕ್ಷಮಿಸು ಅಪ್ಪ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಅಷ್ಟರಲ್ಲಿ ಪೆಟ್ಟಿಗೆ ಎತ್ತುವವರು ಬಂದರು.

ಶವದ ಗಾಡಿಯ ಮುಂದಿನ ಸೀಟಿನಲ್ಲಿ ಕಂಡಕ್ಟರ್, ಅವನ ಪಕ್ಕ ಅತ್ತೆ, ಕಿಟಕಿಯ ಹತ್ತಿರ ಮಗಳು. ಬೆನ್ನಿಗೆ ಒಂದು ತೆಳು ಹಲಗೆ, ಹಲಗೆಯ ಆಚೆ ಅಪ್ಪ. ಗಾಡಿ ಹಳೆಯ ಬಸ್ಸಿನ ದಾರಿಯಲ್ಲೇ ಹೋಯಿತು. ಬೇಕೆಂದೇ ಹಾಗೆ ಒಯ್ಯುತ್ತಿದ್ದ ಕಂಡಕ್ಟರ್. ಮೊದಲ ನಿಲ್ದಾಣದಲ್ಲಿ ಹತ್ತಿಪ್ಪತ್ತು ಜನ ತಲೆ ತಗ್ಗಿಸಿ ನಿಂತಿದ್ದರು, ಕಂಬದ ಹತ್ತಿರವಲ್ಲ, ನಾಲ್ಕು ಮಾರು ಮುಂದೆ. ಎರಡನೆಯದರಲ್ಲೂ ಹಾಗೆಯೇ. ಕಂಡಕ್ಟರನ ಕಣ್ಣು ತುಂಬಿ ಬಂತು, ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದರಲ್ಲಿ ಒರೆಸಿಕೊಂಡ. ನೋಡಿದ್ರಾ ಅಕ್ಕ, ಜನ ಮರೆತಿಲ್ಲ, ಎಂದ. ಅತ್ತೆ ನೋಡಿದಳು. ಆ ಜನಕ್ಕೆ ಗೊತ್ತಿದ್ದದ್ದು ಒಂದು ತಮಾಷೆ. ಆ ತಮಾಷೆಯ ಹಿಂದೆ ಯಾರ ಛಾವಣಿಗಳಿದ್ದವೋ ಈಗ ಈ ಗಾಡಿಯಲ್ಲಿ ಇಬ್ಬರಿಗೆ ಗೊತ್ತಿತ್ತು.

ದೂರದಲ್ಲಿ ಸ್ಮಶಾನದ ಗೇಟು ಕಂಡಿತು. ಎರಡು ಬದಿಯಲ್ಲಿ ಸೈನಿಕರು ಬಂದೂಕು ಎದೆಗಿಟ್ಟುಕೊಂಡು ಕಲ್ಲಿನಂತೆ ನಿಂತಿದ್ದರು.

"ಅಕ್ಕ, ಅಣ್ಣಂಗೆ ಮಾತು ಕೊಟ್ಟಿದ್ದೆ. ಗೇಟು ದಾಟಿಸಿ ನಿಲ್ಲಿಸ್ತೀನಿ, ನಾಲ್ಕೇ ಮಾರು. ಆ ಸಾಹೇಬ್ರು ಬೈದ್ರೆ ಬೈಲಿ. ನೀವು ಏನಂತೀರಿ?"

ಅತ್ತೆ ಗಾಜಿಗೆ ಮುಖ ಒಡ್ಡಿ, ಮುಂದಕ್ಕೆ ಬಾಗಿ, ರಸ್ತೆಯನ್ನೇ ನೋಡುತ್ತಿದ್ದಳು. ಗೇಟು ಹತ್ತಿರ ಬಂತು. ಅಲ್ಲಿ ಮೊದಲೇ ಬಂದು ನಿಂತಿದ್ದ ಅಧಿಕಾರಿಯ ಕೈ ಟೋಪಿಗೆ ಹೋಯಿತು.

"ಇನ್ನೂ ಇಲ್ಲ" ಎಂದಳು ಅತ್ತೆ.

ಕಂಡಕ್ಟರ್ ನಕ್ಕುಬಿಟ್ಟ, ಅಳುತ್ತಲೇ. ಅಣ್ಣನನ್ನು ಅಣಕಿಸುತ್ತಿದ್ದಾಳೆ, ಪ್ರೀತಿಯಿಂದ, ಎಂದುಕೊಂಡ. ಗಾಡಿ ಒಳಗೆ ತಿರುಗದೆ ಗೇಟು ದಾಟಿ ರಸ್ತೆಯಲ್ಲೇ ಮುಂದೆ ಹೋಯಿತು. ಸೈನಿಕರ ಮುಖಗಳು ಕಿಟಕಿಯಲ್ಲಿ ಒಂದೊಂದಾಗಿ ಹಿಂದೆ ಸರಿದವು. ನಾಲ್ಕು ಮಾರು ಆಯಿತು. ಅವನು ಬ್ರೇಕಿನ ಮೇಲೆ ಕಾಲಿಟ್ಟ.

"ಇನ್ನೂ ಇಲ್ಲ."

ಅವನ ನಗು ನಿಂತಿತು. ಮಗಳ ಕಡೆ ನೋಡಿದ. ಮಗಳು ತಲೆಯಾಡಿಸಿದಳು, ಹೋಗು ಎನ್ನುವಂತೆ. ಒಂದು ಕಡೆ ಸ್ಮಶಾನದ ಕಲ್ಲಿನ ಗೋಡೆ, ಇನ್ನೊಂದು ಕಡೆ ಮನೆಗಳ ಸಾಲು ಉದ್ದಕ್ಕೂ ಜೊತೆಗೆ ಬರುತ್ತಿದ್ದವು. ಒಂದು ಮರ ಹೋಯಿತು, ಇನ್ನೊಂದು ಮರ ಹೋಯಿತು.

"ಇನ್ನೂ ಇಲ್ಲ" ಎಂದಳು ಅತ್ತೆ, ತೀರಾ ಮೆಲ್ಲಗೆ.

ಕೆಳಗೆ ಏನನ್ನೋ ಗುರಿಯಿಟ್ಟು ನೋಡುತ್ತಿರುವವಳಂತೆ ಬಾಗಿದ್ದಳು. ಮನೆಗಳ ಸಾಲು ಮುಗಿಯಿತು. ಗೋಡೆಯೂ ಮುಗಿಯಿತು. ಮುಂದೆ ಎರಡೂ ಕಡೆ ಬರೀ ಬಯಲು.

"ಈಗ."

ಕಂಡಕ್ಟರ್ ಬ್ರೇಕು ಒತ್ತಿದ. ಹಿಂದೆ ಪೆಟ್ಟಿಗೆ ಮುಂದಕ್ಕೆ ಜಾರಿ, ಅತ್ತೆಯ ಬೆನ್ನ ಹಿಂದಿನ ಹಲಗೆಗೆ ಧಡ್ಡನೆ ಬಡಿಯಿತು. ಅತ್ತೆ ತಿರುಗಿ ನೋಡಲಿಲ್ಲ. ಹಲಗೆಗೆ ಬೆನ್ನು ತಾಗದಂತೆ ಸ್ವಲ್ಪ ಮುಂದೆ ಸರಿದು ಕೂತಳು.